‘ಅವನು’ ಎನ್ನಲು ಹಿಡಿದ ಕಾಲ

ಇಂಗ್ಲಿಷಿನ ಪ್ರೇಮಗೀತೆಗಳಲ್ಲಿ ‘ಯು’ ಎಂಬ ಪುಟ್ಟ ಪದ ಮಾಡಿರುವ ಕೆಲಸ ಸಣ್ಣದಲ್ಲ. ಹಾಡುವವನು ಕರೆಯುತ್ತಿರುವುದು ಅವಳನ್ನೋ ಅವನನ್ನೋ ಎಂದು ಅದು ಹೇಳುವುದಿಲ್ಲ. ಕನ್ನಡದ ‘ನೀನು’ ಕೂಡ ಹಾಗೆಯೇ. ‘ನೀನು ಬಂದೆ, ನೀನು ಹೋದೆ’ ಎಂದರೆ ಬಂದದ್ದು ಗಂಡೋ ಹೆಣ್ಣೋ ಎಂದು ವ್ಯಾಕರಣ ಬಾಯಿಬಿಡುವುದಿಲ್ಲ. ನಮ್ಮಲ್ಲಿ ಇನ್ನೊಂದು ಮರೆಯೂ ಇದೆ, ‘ಅವರು’. ಗಂಡನ ಹೆಸರು ಹೇಳದ ಕಾಲದ ಹೆಂಗಸರು ‘ನಮ್ಮನೆಯವರು’ ಎಂದು ದಾಟಿಕೊಳ್ಳುತ್ತಿದ್ದರಲ್ಲ, ಆ ಬಗೆಯದು. ಆದರೆ ಪ್ರೀತಿಸಿದ ಜೀವದ ಬಗ್ಗೆ ಮೂರನೆಯವರ ಹತ್ತಿರ ಸಲಿಗೆಯಿಂದ ಹೇಳಹೊರಟರೆ ಮುಗಿಯಿತು. ‘ಬಂದ’ ಎನ್ನಬೇಕು, ಇಲ್ಲವೇ ‘ಬಂದಳು’ ಎನ್ನಬೇಕು.

ಇಪ್ಪತ್ತನೆಯ ಶತಮಾನದ ಅಮೆರಿಕ ಮತ್ತು ಬ್ರಿಟನ್ನಿನ ಜನಪ್ರಿಯ ಸಂಗೀತದಲ್ಲಿ, ಗಂಡಸರನ್ನು ಪ್ರೀತಿಸಿದ ಗಂಡಸರು ಈ ‘ಯು’ವಿನ ಮರೆಯಲ್ಲಿ ಕೂತು ಬರೆದ ಹಾಡುಗಳು ಬಹಳ. ಅವುಗಳಲ್ಲಿ ಅತ್ಯುತ್ತಮವಾದ ಕೆಲವು ಸಿಗದ ಪ್ರೀತಿಯ ಹಾಡುಗಳು. ಈ ವಿಷಯ ಬಂದಾಗಲೆಲ್ಲ ‘ಬಹಿರಂಗವಾಗಿ ಹೇಳಿಕೊಂಡವರಲ್ಲಿ ಮೊದಲಿಗ ಯಾರು’ ಎಂಬ ಪಟ್ಟಿ ಶುರುವಾಗುತ್ತದೆ. ನನಗೆ ಆ ಪಟ್ಟಿಯಲ್ಲಿ ಆಸಕ್ತಿ ಕಡಿಮೆ. ನನ್ನನ್ನು ಕಾಡಿದ್ದು ಬೇರೆಯದೇ ಒಂದು ಸಂಗತಿ. ಮರೆಯಲ್ಲಿದ್ದಾಗ ಅಷ್ಟೊಂದು ವಿರಹ ಹಾಡಿದವರು ಮರೆ ಸರಿಸಿದ ಮೇಲೆ ಮೊದಲು ಹಾಡಿದ್ದು ವಿರಹವನ್ನಲ್ಲ. ಹೆಮ್ಮೆಯನ್ನು, ಸಿಟ್ಟನ್ನು, ಸವಾಲನ್ನು. ‘ನಾನು ಅವನನ್ನು ಪ್ರೀತಿಸಿದೆ, ಅವನು ನನ್ನನ್ನು ಪ್ರೀತಿಸಲಿಲ್ಲ’ ಎಂಬ ಸಾದಾ ದುಃಖ ಸರ್ವನಾಮದ ಸಮೇತ ಜನಪ್ರಿಯ ಸಂಗೀತದ ನಡುಮನೆಗೆ ಬರಲು ಯಾಕೆ ಅಷ್ಟು ತಡವಾಯಿತು?

ಸವಾಲಿನ ಹಾಡುಗಳು ಮೊದಲಿನಿಂದಲೂ ಇದ್ದವು. ಮೊದಲ ಮಹಾಯುದ್ಧ ಮುಗಿದ ಮೇಲೆ ಬರ್ಲಿನ್ನಿನಲ್ಲಿ, 1920ರಲ್ಲಿ, ‘ದಾಸ್ ಲೀಲಾ ಲೀಡ್’ ಎಂಬ ಹಾಡು ಬಂತು. ‘ನೇರಳೆ ಹಾಡು’ ಎಂದು ಅದರ ಅರ್ಥ. ‘ನಾವು ನಿಮ್ಮಂತಲ್ಲ, ಇದ್ದರೇನೀಗ’ ಎಂಬ ಧಾಟಿಯ ಅದನ್ನು ಸಲಿಂಗಿಗಳ ಪರವಾಗಿ ಹೋರಾಡಿದ ವೈದ್ಯ ಮ್ಯಾಗ್ನಸ್ ಹಿರ್ಷ್‌ಫೆಲ್ಡ್‌ಗೆ ಅರ್ಪಿಸಲಾಗಿತ್ತು. 1928ರಲ್ಲಿ ಅಮೆರಿಕದ ಕಪ್ಪು ಗಾಯಕಿ ಮಾ ರೈನಿ ‘ಪ್ರೂವ್ ಇಟ್ ಆನ್ ಮಿ ಬ್ಲೂಸ್’ ಹಾಡಿದಳು. ಗಂಡಸರ ಉಡುಪು ತೊಟ್ಟು ಹೆಂಗಸರ ಜೊತೆ ತಿರುಗುತ್ತೇನೆ, ಸಾಬೀತು ಮಾಡಿ ನೋಡೋಣ ಎಂಬ ಮಾತು ಅದರಲ್ಲಿದೆ. ರೆಕಾರ್ಡಿನ ಜಾಹೀರಾತಿನಲ್ಲಿ ಅವಳು ಕೋಟು ಹ್ಯಾಟು ಹಾಕಿಕೊಂಡು ಇಬ್ಬರು ಹೆಂಗಸರ ಜೊತೆ ಮಾತಾಡುತ್ತ ನಿಂತಿರುವ ಚಿತ್ರವಿತ್ತು. ದೂರದಲ್ಲಿ ಒಬ್ಬ ಪೊಲೀಸ್ ನೋಡುತ್ತಿರುತ್ತಾನೆ. ಎರಡೂ ಧೈರ್ಯದ ಹಾಡುಗಳೇ. ಎರಡರಲ್ಲೂ ಯಾರೂ ಯಾರಿಗಾಗಿಯೂ ಕಾಯುವುದಿಲ್ಲ.

ಅದೇ 1928ರಲ್ಲಿ ಇನ್ನೊಂದು ತಮಾಷೆ ನಡೆದಿದೆ. ಬಿಂಗ್ ಕ್ರಾಸ್ಬಿ ಎಂಬ ಯುವ ಗಾಯಕ ಪಾಲ್ ವೈಟ್‌ಮನ್‌ನ ವಾದ್ಯಮೇಳದ ಜೊತೆ ಒಂದು ಹಾಡು ಮುದ್ರಿಸಿದ. ಕಣ್ಣೀರಿನ ಉಪ್ಪಿನ ಬೆಲೆ ಬಾಳುವ ಗಂಡಸು ಯಾವನೂ ಇಲ್ಲ ಎಂದು ಹೆಣ್ಣೊಬ್ಬಳು ಕೊರಗುವ ಹಾಡು ಅದು. ಹಾಡಿದವನು ಗಂಡಸು, ಪದಗಳು ಬದಲಾಗಿಲ್ಲ. ಆ ಕಾಲದ ಹಾಡಿನ ಪ್ರಕಾಶಕರು ಪದಗಳನ್ನು ಮುಟ್ಟಲು ಬಿಡುತ್ತಿರಲಿಲ್ಲ, ಅಷ್ಟೇ ಕಾರಣ. ಕೇಳಿದವರು ಅದನ್ನು ಸಹಜವಾಗಿಯೇ ತೆಗೆದುಕೊಂಡರು. ಹಾಡುಗಾರ ಎಂದರೆ ಪದಗಳನ್ನು ತಲುಪಿಸುವವನು, ಪದಗಳು ಅವನ ಬದುಕಲ್ಲ ಎಂಬ ತಿಳಿವಳಿಕೆ ಇದ್ದ ಕಾಲ. ನಮ್ಮ ಕೀರ್ತನೆ, ಜಾವಳಿಗಳನ್ನು ಕೇಳಿದವರಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಕ್ಕಿಲ್ಲ. ಹಾಡುವವನೇ ಹಾಡಿನ ‘ನಾನು’ ಎಂಬ ನಂಬಿಕೆ ಬಲವಾದದ್ದು ಆಮೇಲೆ. ಅದು ಬಲವಾದ ಹಾಗೆ ಸರ್ವನಾಮ ಅಪಾಯದ ವಸ್ತುವಾಯಿತು.

ಅಪಾಯ ಎನ್ನುವುದು ಬರೀ ಅಲಂಕಾರದ ಮಾತಲ್ಲ. 1927ರಲ್ಲಿ ನ್ಯೂಯಾರ್ಕ್ ರಾಜ್ಯ ಒಂದು ಕಾನೂನು ಮಾಡಿತು. ರಂಗದ ಮೇಲೆ ಸಲಿಂಗ ಪ್ರೇಮವನ್ನು ತೋರಿಸಿದ ನಾಟಕ ಮಂದಿರಕ್ಕೆ ಒಂದು ವರ್ಷದವರೆಗೆ ಬೀಗ ಜಡಿಯಬಹುದಿತ್ತು. ಜನ ಅದನ್ನು ‘ಬೀಗದ ಕಾನೂನು’ ಎಂದೇ ಕರೆದರು. ಅದು 1967ರ ತನಕ ಪುಸ್ತಕದಲ್ಲಿ ಉಳಿದಿತ್ತು. ಬ್ರಾಡ್‌ವೇಯ ಶ್ರೇಷ್ಠ ಗೀತರಚನಕಾರರಲ್ಲಿ ಒಬ್ಬನಾದ ಲೊರೆಂಜ್ ಹಾರ್ಟ್ ತನ್ನ ಪ್ರಸಿದ್ಧ ಹಾಡುಗಳನ್ನು ಬರೆದದ್ದು ಈ ಬೀಗದ ನೆರಳಿನಲ್ಲಿ.

ಹಾರ್ಟ್ ಐದಡಿಗೂ ಕಡಿಮೆ ಎತ್ತರದ ಮನುಷ್ಯ. ಮದುವೆಯಾಗಲಿಲ್ಲ, ಬಹುಕಾಲ ತಾಯಿಯ ಜೊತೆ ಇದ್ದ, ವಿಪರೀತ ಕುಡಿಯುತ್ತಿದ್ದ. ತಾನು ಕುರೂಪಿ ಎಂದು ನಂಬಿಕೊಂಡಿದ್ದ. ಅವನು ಸಲಿಂಗಿ ಎನ್ನುವುದು ಹತ್ತಿರದವರಿಗೆ ಗೊತ್ತಿತ್ತು, ಪತ್ರಿಕೆಗಳಲ್ಲಿ ಬರುತ್ತಿರಲಿಲ್ಲ. ರಿಚರ್ಡ್ ರಾಜರ್ಸ್ ರಾಗ ಹಾಕುತ್ತಿದ್ದ, ಇವನು ಪದ ಬರೆಯುತ್ತಿದ್ದ. 1936ರ ‘ಗ್ಲ್ಯಾಡ್ ಟು ಬಿ ಅನ್‌ಹ್ಯಾಪಿ’ ನೇರವಾಗಿ ಒಮ್ಮುಖ ಪ್ರೇಮದ ಹಾಡು. ಪ್ರೀತಿ ಮರಳಿ ಬಾರದಿದ್ದರೂ ಆ ದುಃಖದಲ್ಲೇ ಒಂದು ಸುಖ ಕಂಡುಕೊಂಡವರ ಮಾತು. ಮರುವರ್ಷ ಬಂದ ‘ಮೈ ಫನಿ ವ್ಯಾಲೆಂಟೈನ್’ ಇನ್ನೂ ಹೆಚ್ಚು ಜನಕ್ಕೆ ಗೊತ್ತು. ‘ಬೇಬ್ಸ್ ಇನ್ ಆರ್ಮ್ಸ್’ ನಾಟಕದಲ್ಲಿ ಒಬ್ಬ ಹುಡುಗಿ ವ್ಯಾಲ್ ಎಂಬ ಹುಡುಗನಿಗೆ ಹಾಡುವ ಹಾಡು. ಅವನ ಮುಖ, ಮೈಕಟ್ಟು, ಮಾತು ಒಂದೂ ಚೆನ್ನಾಗಿಲ್ಲ ಎಂದು ಎಣಿಸುತ್ತ ಹೋಗಿ, ಆದರೂ ಒಂದು ಕೂದಲನ್ನೂ ಬದಲಿಸಬೇಡ ಎಂದು ಬೇಡುತ್ತದೆ. ಆ ಮಾತನ್ನು ಹಾರ್ಟ್ ಯಾರ ಬಾಯಿಂದಲಾದರೂ ಕೇಳಬಯಸಿದ್ದನೇ? ಹಾಡನ್ನು ಬದುಕಿಗೆ ಹೀಗೆ ಗಂಟುಹಾಕುವುದು ಸುಲಭದ ಕೆಲಸ ಎಂದು ನನಗೆ ಗೊತ್ತು. ಆದರೂ ಗಂಡಸೊಬ್ಬ ಹೆಣ್ಣಿನ ಬಾಯಲ್ಲಿ, ಅಂದ ಕೆಟ್ಟ ಗಂಡಿನ ಮೇಲೆ ಅಷ್ಟು ಮಮತೆ ಸುರಿಸಿದ್ದನ್ನು ನೋಡಿದರೆ ಬೇರೆ ಓದು ಹೊಳೆಯುವುದಿಲ್ಲ. 1943ರ ಮಾರ್ಚಿನಲ್ಲಿ ರಾಜರ್ಸ್ ಇನ್ನೊಬ್ಬ ಗೀತರಚನಕಾರನ ಜೊತೆ ಮಾಡಿದ ‘ಓಕ್ಲಹೋಮಾ!’ ಅಪಾರ ಯಶಸ್ಸು ಕಂಡಿತು. ಅದೇ ನವೆಂಬರಿನಲ್ಲಿ ಹಾರ್ಟ್ ನ್ಯುಮೋನಿಯಾದಿಂದ ಸತ್ತ. ವಯಸ್ಸು 48.

ಹಾರ್ಟ್‌ನದು ಬದುಕೂ ಮರೆ, ಹಾಡೂ ಮರೆ. ಬಿಲ್ಲಿ ಸ್ಟ್ರೇಹಾರ್ನ್‌ನ ಕತೆ ಹಾಗಲ್ಲ, ಅದಕ್ಕೇ ಹೆಚ್ಚು ಯೋಚನೆಗೆ ಹಚ್ಚುತ್ತದೆ. 1915ರಲ್ಲಿ ಹುಟ್ಟಿ ಪಿಟ್ಸ್‌ಬರ್ಗಿನಲ್ಲಿ ಬೆಳೆದ ಕಪ್ಪು ಹುಡುಗ. ಔಷಧದಂಗಡಿಯಲ್ಲಿ ಕೆಲಸ ಮಾಡಿಕೊಂಡು ಸಂಗೀತ ಕಲಿಯುತ್ತಿದ್ದ. ಇಪ್ಪತ್ತು ದಾಟುವ ಮುಂಚೆಯೇ ‘ಲಷ್ ಲೈಫ್’ ಎಂಬ ಹಾಡಿನ ಹೆಚ್ಚಿನ ಭಾಗ ಬರೆದಿದ್ದ. ಊರು ಬಿಟ್ಟು ಹೋಗಿರದ ಹುಡುಗ, ಜಗತ್ತಿನ ಮದ್ಯದಂಗಡಿಗಳನ್ನೆಲ್ಲ ಕಂಡು ದಣಿದವನಂತೆ, ಪ್ರೀತಿಸಿ ಮೋಸಹೋಗಿ ಇನ್ನು ಒಂಟಿಯಾಗಿಯೇ ಕೊಳೆಯುತ್ತೇನೆ ಎನ್ನುವವನಂತೆ ಬರೆದ. ರಾಗವೂ ಹಾಗೆಯೇ, ಊಹಿಸಿದ ಕಡೆಗೆ ತಿರುಗುವುದಿಲ್ಲ. ಹಾಡಲು ಹೋದ ಎಷ್ಟೋ ಗಾಯಕರು ಎಡವುವ ಹಾಡು. ಆರಂಭದಲ್ಲೇ ‘ಗೇ’ ಎಂಬ ಪದವೂ ಬರುತ್ತದೆ. ಹೊರಗಿನವರಿಗೆ ಆಗ ಅದರ ಅರ್ಥ ‘ಉಲ್ಲಾಸದ’ ಎಂದಷ್ಟೇ. ಒಳಗಿನವರಿಗೆ ಆಗಲೇ ಎರಡನೆಯ ಅರ್ಥವೂ ಗೊತ್ತಿತ್ತೇ ಎಂದು ಇವತ್ತಿಗೂ ವಾದ ನಡೆಯುತ್ತದೆ.

1938ರ ಕೊನೆಯಲ್ಲಿ ಅವನು ಡ್ಯೂಕ್ ಎಲಿಂಗ್ಟನ್‌ನನ್ನು ಭೇಟಿಯಾದ. ಎಲಿಂಗ್ಟನ್ ಆ ಕಾಲದ ಜಾಝ್ ಲೋಕದ ದೊರೆ. ಅಲ್ಲಿಂದ ಮುಂದೆ ಸುಮಾರು ಮೂವತ್ತು ವರ್ಷ ಸ್ಟ್ರೇಹಾರ್ನ್ ಅವನ ತಂಡಕ್ಕಾಗಿ ಬರೆದ; ತಂಡದ ಗುರುತಿನ ಹಾಡಾದ ‘ಟೇಕ್ ದಿ ಎ ಟ್ರೇನ್’ ಇವನದೇ. ಹಾರ್ಲೆಮಿನಲ್ಲಿ ಅವನು ಏರನ್ ಬ್ರಿಜರ್ಸ್ ಎಂಬ ಪಿಯಾನೊ ವಾದಕನ ಜೊತೆ ಒಂದೇ ಮನೆಯಲ್ಲಿ ಸಂಸಾರ ಹೂಡಿದ. ಬಚ್ಚಿಡಲಿಲ್ಲ, ತೋರಿಕೆಗೆ ಹೆಣ್ಣೊಬ್ಬಳನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಲಿಲ್ಲ. 1940ರ ದಶಕದಲ್ಲಿ ಕಪ್ಪು ಸಂಗೀತಗಾರನೊಬ್ಬ ಹಾಗೆ ಬದುಕುವುದು ಎಂದರೆ ಏನು ಎಂದು ಊಹಿಸಿಕೊಳ್ಳಿ. ಅವನ ಜೀವನಚರಿತ್ರೆ ಬರೆದ ಡೇವಿಡ್ ಹಾಜ್ಡು ಕೊಡುವ ವಿವರಣೆ ನನಗೆ ಸರಿ ಕಾಣುತ್ತದೆ: ಎಲಿಂಗ್ಟನ್‌ನ ದೊಡ್ಡ ಹೆಸರಿನ ಹಿಂದೆ ನಿಂತಿದ್ದರಿಂದಲೇ ಸ್ಟ್ರೇಹಾರ್ನ್‌ಗೆ ತನ್ನಂತೆ ಬದುಕಲು ಸಾಧ್ಯವಾಯಿತು. ವೇದಿಕೆಯ ಮುಂದೆ ಬಂದಿದ್ದರೆ ಜನ ಅವನ ಮನೆಯೊಳಗೂ ಇಣುಕುತ್ತಿದ್ದರು. ಹೆಸರನ್ನು ಬಿಟ್ಟುಕೊಟ್ಟು ಬದುಕನ್ನು ಉಳಿಸಿಕೊಂಡ.

ಮತ್ತು ಹಾಡಿನಲ್ಲಿ ‘ಅವನು’ ಬರಲೇ ಇಲ್ಲ. ‘ಲಷ್ ಲೈಫ್’ ಬಹುಕಾಲ ಆಪ್ತ ಕೂಟಗಳಲ್ಲಷ್ಟೇ ಉಳಿಯಿತು. 1948ರಲ್ಲಿ ಕಾರ್ನೆಗಿ ಹಾಲ್‌ನಲ್ಲಿ ಕೇ ಡೇವಿಸ್ ಹಾಡಿದಳು, ಪಿಯಾನೊದಲ್ಲಿ ಅವನೇ ಇದ್ದ. ಮರುವರ್ಷ ನ್ಯಾಟ್ ಕಿಂಗ್ ಕೋಲ್‌ನ ಮುದ್ರಿಕೆ ಬಂತು. ಕೋಲ್ ಕೆಲವು ಪದಗಳನ್ನು ತಪ್ಪಾಗಿ ಹಾಡಿದ್ದಕ್ಕೆ ಸೌಮ್ಯ ಸ್ವಭಾವದ ಸ್ಟ್ರೇಹಾರ್ನ್ ಕೆರಳಿ ಕೆಂಡವಾಗಿದ್ದ. ಎಲ್ಲವನ್ನೂ ಬಿಟ್ಟುಕೊಟ್ಟವನು ಈ ಒಂದು ಹಾಡಿನ ಒಂದೆರಡು ಪದಗಳಿಗಾಗಿ ಅಷ್ಟು ಸಿಟ್ಟಾದ ಎನ್ನುವುದೇ ಆ ಹಾಡು ಅವನಿಗೆ ಏನಾಗಿತ್ತು ಎಂಬುದಕ್ಕೆ ಸಾಕ್ಷಿ. 1963ರಲ್ಲಿ ಜಾನ್ ಕೋಲ್ಟ್ರೇನ್ ಸ್ಯಾಕ್ಸೊಫೋನ್ ನುಡಿಸಿ ಜಾನಿ ಹಾರ್ಟ್‌ಮನ್ ಹಾಡಿದ ಮುದ್ರಿಕೆಯನ್ನು ಕೇಳಿ ನೋಡಿ. ಒಬ್ಬ ಗಂಡಸಿನ ಆಳವಾದ ದನಿ, ಯಾರಿಗೆಂದು ಹೇಳದ ಅಳಲು. 1967ರ ಮೇ ತಿಂಗಳಲ್ಲಿ ಸ್ಟ್ರೇಹಾರ್ನ್ ಕ್ಯಾನ್ಸರಿನಿಂದ ತೀರಿಕೊಂಡ.

ಆ ಎರಡೂ ದೇಶಗಳಲ್ಲಿ ಮರೆ ಹರಿಯತೊಡಗಿದ್ದು ಇದರ ನಂತರ. 1967ರ ಜುಲೈಯಲ್ಲಿ ಬ್ರಿಟನ್ನಿನ ಸಂಸತ್ತು ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಸೀಮಿತವಾಗಿ ಒಂದು ಕಾನೂನು ಮಾಡಿ, 21 ತುಂಬಿದ ಇಬ್ಬರು ಗಂಡಸರ ನಡುವೆ ಖಾಸಗಿಯಾಗಿ ನಡೆಯುವುದು ಅಪರಾಧವಲ್ಲ ಎಂದಿತು. 1969ರ ಜೂನಿನಲ್ಲಿ ನ್ಯೂಯಾರ್ಕಿನ ಸ್ಟೋನ್‌ವಾಲ್ ಇನ್ ಎಂಬ ಮದ್ಯದಂಗಡಿಗೆ ನುಗ್ಗಿದ ಪೊಲೀಸರನ್ನು ಅಲ್ಲಿದ್ದವರು ಎದುರಿಸಿದರು. ಹಾಡು ಬದಲಾಗಲು ಇನ್ನು ಅಡ್ಡಿಯಿಲ್ಲ ಎನ್ನಬಹುದಿತ್ತು.

ಬದಲಾಯಿತು ಕೂಡ. 1973ರಲ್ಲಿ ಸಿಯಾಟಲ್‌ನಲ್ಲಿ ‘ಲ್ಯಾವೆಂಡರ್ ಕಂಟ್ರಿ’ ಎಂಬ ಆಲ್ಬಮ್ ಬಂತು. ಕಂಟ್ರಿ ಎಂದರೆ ಅಮೆರಿಕದ ಹಳ್ಳಿಗಾಡಿನ ಬಿಳಿಯರ ಸಂಗೀತ. ಹ್ಯಾಟು, ಟ್ರಕ್ಕು, ಚರ್ಚು, ಹೆಂಡತಿ. ಅದರಲ್ಲಿ ಗಂಡಸರ ಪ್ರೇಮವನ್ನು ಹಾಡಿದವನು ಪ್ಯಾಟ್ರಿಕ್ ಹ್ಯಾಗರ್ಟಿ. ವಾಷಿಂಗ್ಟನ್ ರಾಜ್ಯದ ಡ್ರೈ ಕ್ರೀಕ್ ಎಂಬಲ್ಲಿ ಹಾಲಿನ ಹಸು ಸಾಕುವ ಬಡ ರೈತನ ಮಗ. ಮಗ ಹದಿಹರೆಯದಲ್ಲಿ ಮುಖಕ್ಕೆ ಮಿನುಗು ಬಳಿದುಕೊಂಡು ಶಾಲೆಯ ವೇದಿಕೆ ಹತ್ತಿದ್ದನ್ನು ಕಂಡ ಅಪ್ಪ, ವಾಪಸು ಬರುವಾಗ ಬೈಯಲಿಲ್ಲವಂತೆ. ದೊಡ್ಡವನಾದ ಮೇಲೆ ಯಾರ ಜೊತೆ ಓಡಾಡಿದರೂ ಕದ್ದುಮುಚ್ಚಿ ಓಡಾಡಬೇಡ, ಹಾಗೆ ಮಾಡಿದರೆ ನೀನು ತಪ್ಪು ಮಾಡುತ್ತಿದ್ದೀಯ ಎಂದು ನೀನೇ ಒಪ್ಪಿಕೊಂಡ ಹಾಗೆ ಎಂದು ಬುದ್ಧಿ ಹೇಳಿದನಂತೆ. ಈ ಪ್ರಸಂಗವನ್ನು ಹ್ಯಾಗರ್ಟಿ ಮುದುಕನಾದ ಮೇಲೂ ಹೇಳುತ್ತಿದ್ದ. ಸಗಣಿ ಮೆತ್ತಿದ ಪ್ಯಾಂಟಿನಲ್ಲೇ ಶಾಲೆಗೆ ಬಂದ ಅಪ್ಪನನ್ನು ಕಂಡು ತಾನು ಅವಿತುಕೊಂಡಿದ್ದೆ ಎಂಬುದನ್ನೂ ಸೇರಿಸಿ.

ಆ ಆಲ್ಬಮ್ಮಿನ 1000 ಪ್ರತಿಗಳು ಮಾತ್ರ ಅಚ್ಚಾದವು. ಅದರ ಒಂದು ಹಾಡನ್ನು ರೇಡಿಯೊದಲ್ಲಿ ಹಾಕಿದ ನಿರೂಪಕಿ ತನ್ನ ಪ್ರಸಾರ ಪರವಾನಗಿ ಕಳೆದುಕೊಂಡಳು. ಹಾಡುಗಳು ಒರಟಾಗಿವೆ, ಕೆಲವು ನಗಿಸುತ್ತವೆ, ಹೆಚ್ಚಿನವು ರಾಜಕೀಯದ ಸಿಟ್ಟಿನವು. ನಡುವೆ ಮೃದುವಾದ ಒಂದೆರಡು ಇವೆ. ಮರುವರ್ಷ ದೊಡ್ಡ ಕಂಪನಿಯೊಂದು ಸ್ಟೀವನ್ ಗ್ರಾಸ್‌ಮನ್ ಎಂಬ ಯುವಕನ ‘ಕ್ಯಾರವಾನ್ ಟುನೈಟ್’ ಹೊರತಂದಿತು. ಗಿಟಾರ್ ಹಿಡಿದು ಮೆಲುದನಿಯಲ್ಲಿ ಗಂಡಸರ ಪ್ರೇಮ, ಒಂಟಿತನ ಹಾಡಿದ ಹುಡುಗ. ನನ್ನ ಪ್ರಶ್ನೆಗೆ ಅವನೇ ಉತ್ತರವಾಗಬಹುದಿತ್ತು, ಆದರೆ ಆ ಆಲ್ಬಮ್ ಮಾರಾಟವಾಗಲಿಲ್ಲ. ಅವನು ಸಂಗೀತದ ಉದ್ಯಮದಿಂದ ದೂರ ಸರಿದ.

ಜನ ಕೊಂಡದ್ದು, ಕೂಗಿ ಹಾಡಿದ್ದು ಬೇರೆಯದನ್ನು. 1978ರಲ್ಲಿ ಟಾಮ್ ರಾಬಿನ್ಸನ್‌ನ ‘ಗ್ಲ್ಯಾಡ್ ಟು ಬಿ ಗೇ’ ಬ್ರಿಟನ್ನಿನ ಪಟ್ಟಿಯಲ್ಲಿ 18ನೆಯ ಸ್ಥಾನಕ್ಕೇರಿದ ಮುದ್ರಿಕೆಯಲ್ಲಿತ್ತು. ಬಿಬಿಸಿ ರೇಡಿಯೊ ತನ್ನ ಪಟ್ಟಿಯ ಕಾರ್ಯಕ್ರಮದಲ್ಲಿ ಅದನ್ನು ಹಾಕದೆ, ಅದೇ ಮುದ್ರಿಕೆಯ ಇನ್ನೊಂದು ಹಾಡನ್ನು ಹಾಕಿತು. ಹೆಸರಿನಲ್ಲಿ ಸಂತೋಷವಿದೆ, ಹಾಡು ಕಹಿ ವ್ಯಂಗ್ಯದ್ದು; ಕಾನೂನು ಬದಲಾದ ಮೇಲೂ ಪೊಲೀಸರು, ಪತ್ರಿಕೆಗಳು, ಬೀದಿಯ ಪುಂಡರು ಏನು ಮಾಡುತ್ತಿದ್ದಾರೆ ಎಂಬ ದೂರುಪಟ್ಟಿ. ಮೆರವಣಿಗೆಗೆ ಬೇಕಾದದ್ದು ಅಂಥ ಹಾಡೇ. ‘ನನ್ನನ್ನು ಒಲ್ಲೆ ಎಂದ’ ಎಂದು ಮೆರವಣಿಗೆಯಲ್ಲಿ ಹಾಡಲು ಬರುವುದಿಲ್ಲ. ಹಕ್ಕು ಕೇಳಲು ಹೊರಟವನು ತಾನು ಸೋತ ಕತೆ ಹೇಳಿದರೆ, ನೋಡು, ಇವರ ಪ್ರೀತಿಯ ಗತಿ ಇಷ್ಟೇ ಎಂದು ಎದುರಾಳಿ ನಗುತ್ತಾನೆ. ಸಲಿಂಗ ಪ್ರೇಮ ದುಃಖದಲ್ಲೇ ಮುಗಿಯಬೇಕು ಎಂಬುದು ಆಗಿನ ಕಾದಂಬರಿ, ಸಿನಿಮಾಗಳ ಅಲಿಖಿತ ನಿಯಮವಾಗಿತ್ತು. ಆ ನಿಯಮ ಮುರಿಯಲು ಹೊರಟವರಿಗೆ ವಿರಹ ಎಂದರೆ ವೈರಿಯ ಕೈಯ ಆಯುಧ. ತಡವಾದದ್ದಕ್ಕೆ ನಾನು ಕಾಣುವ ದೊಡ್ಡ ಕಾರಣ ಇದೇ.

ಅದೇ 1978ರಲ್ಲಿ ಮ್ಯಾಂಚೆಸ್ಟರ್ ಕಡೆಯ ಬಜ್‌ಕಾಕ್ಸ್ ತಂಡದ ಪೀಟ್ ಶೆಲ್ಲಿ ಹಾಡಿದ ಹಾಡೊಂದು 12ನೆಯ ಸ್ಥಾನಕ್ಕೇರಿತು. ‘ಎವರ್ ಫಾಲನ್ ಇನ್ ಲವ್’ ಎಂದು ಶುರುವಾಗುವ ಉದ್ದದ ಶೀರ್ಷಿಕೆ. ಪ್ರೀತಿಸಬಾರದವರನ್ನು ಪ್ರೀತಿಸಿದ್ದೀಯಾ ಎಂಬ ಪ್ರಶ್ನೆ. ಹಿಂದಿನ ವರ್ಷ ಎಡಿನ್‌ಬರೋದ ವಸತಿಗೃಹದಲ್ಲಿ ಟಿವಿಯಲ್ಲಿ ‘ಗೈಸ್ ಅಂಡ್ ಡಾಲ್ಸ್’ ಸಿನಿಮಾ ನೋಡುತ್ತಿದ್ದಾಗ ಕಿವಿಗೆ ಬಿದ್ದ ಒಂದು ಮಾತು ಅವನ ತಲೆಯಲ್ಲಿ ಕೂತಿತು. ಮರುದಿನ ಅಂಚೆ ಕಚೇರಿಯ ಹೊರಗೆ ವ್ಯಾನಿನಲ್ಲಿ ಕೂತು ಪದ ಬರೆದ. ಹಾಡು ತನ್ನ ಗೆಳೆಯನೊಬ್ಬನ ಕುರಿತದ್ದು ಎಂದು ಆಮೇಲೆ ಹೇಳಿದ. ಶೆಲ್ಲಿ ದ್ವಿಲಿಂಗಾಸಕ್ತ, ಅದನ್ನು ಬಚ್ಚಿಟ್ಟವನೂ ಅಲ್ಲ. ಆದರೆ ಹಾಡುಗಳಲ್ಲಿ ಗಂಡು ಹೆಣ್ಣು ಎನ್ನದೆ ಬರೆಯುವುದನ್ನು ಬೇಕೆಂದೇ ರೂಢಿಸಿಕೊಂಡಿದ್ದ, ಕೇಳುವ ಯಾರೇ ಆದರೂ ತಮ್ಮದೆಂದುಕೊಳ್ಳಲಿ ಎಂದು. ಹಾರ್ಟ್‌ಗೆ ‘ಯು’ ಒಂದು ಬಲವಂತ. ಶೆಲ್ಲಿಗೆ ಅದು ಆಯ್ಕೆ. ಎರಡೂ ಕಾಗದದ ಮೇಲೆ ಒಂದೇ ರೀತಿ ಕಾಣುತ್ತವೆ ಎಂಬುದು ಈ ಚರಿತ್ರೆಯ ಒಂದು ತೊಡಕು. ಪಂಕ್ ಸಂಗೀತದವರೆಲ್ಲ ರಾಣಿಯನ್ನು, ಸರ್ಕಾರವನ್ನು ಬೈಯುತ್ತಿದ್ದಾಗ, ಅದೇ ವೇಗದ ಗಿಟಾರಿನ ಮೇಲೆ ಇವನು ಎದೆಯೊಡೆದ ಹುಡುಗನ ಮಾತು ಹಾಡಿದ. ಮೂರು ನಿಮಿಷ ತುಂಬುವ ಮುಂಚೆಯೇ ಮುಗಿಯುತ್ತದೆ.

ಆಯ್ಕೆ ಎಂದೆ, ಅದರ ಮಿತಿಯೂ ಬೇಗ ಗೊತ್ತಾಯಿತು. 1981ರಲ್ಲಿ ಒಬ್ಬನೇ ಹೊರತಂದ ‘ಹೋಮೋಸೇಪಿಯನ್’ ಹಾಡಿನಲ್ಲಿ ಶೆಲ್ಲಿ ಮರೆಯನ್ನು ಸ್ವಲ್ಪ ಸರಿಸಿದ. ಬಿಬಿಸಿ ಅದನ್ನು ನಿಷೇಧಿಸಿತು.

ಮೂರು ವರ್ಷದ ನಂತರ ಗ್ಲಾಸ್ಗೋದ ಜಿಮ್ಮಿ ಸಾಮರ್‌ವಿಲ್ ಹೆಣ್ಣು ದನಿಯೆಂದು ಭ್ರಮೆ ಹುಟ್ಟಿಸುವ ತಾರಕದಲ್ಲಿ ‘ಸ್ಮಾಲ್‌ಟೌನ್ ಬಾಯ್’ ಹಾಡಿದ. ಅವನ ಬ್ರಾನ್ಸ್ಕಿ ಬೀಟ್ ತಂಡದ ಮೂವರೂ ಬಹಿರಂಗ ಸಲಿಂಗಿಗಳು. ಹಾಡು ಬ್ರಿಟನ್ನಿನಲ್ಲಿ 3ನೆಯ ಸ್ಥಾನಕ್ಕೇರಿತು. ಪದಗಳಲ್ಲಿರುವುದು ಊರು ಬಿಟ್ಟು ಓಡಿಹೋಗುವ ಹುಡುಗ. ಆದರೆ ಜೊತೆಗೆ ಬಂದ ವಿಡಿಯೊದಲ್ಲಿ ಇನ್ನೊಂದು ಕತೆಯಿದೆ. ಈಜುಕೊಳದಲ್ಲಿ ಒಬ್ಬ ಚೆಲುವ ನೀರಿಗೆ ಧುಮುಕುವುದನ್ನು ಹುಡುಗ ಕಣ್ಣುತುಂಬ ನೋಡುತ್ತಾನೆ. ಅವನು ನಕ್ಕಂತೆ ಕಾಣುತ್ತದೆ, ಇವನಿಗೆ ಆಸೆ ಚಿಗುರುತ್ತದೆ. ಆಮೇಲೆ ಆ ಚೆಲುವ ತನ್ನ ಸಂಗಡಿಗರ ಜೊತೆ ಬಂದು ಬಡಿಯುತ್ತಾನೆ. ಪೊಲೀಸ್ ಮನೆಗೆ ತಂದು ಬಿಡುತ್ತಾನೆ, ಅಪ್ಪ ಅಮ್ಮನಿಗೆ ಗೊತ್ತಾಗುತ್ತದೆ, ಹುಡುಗ ರೈಲು ಹತ್ತುತ್ತಾನೆ. ಹೊರಡುವಾಗ ಅಪ್ಪ ದುಡ್ಡು ಕೊಡುತ್ತಾನೆ, ಚಾಚಿದ ಕೈಯನ್ನು ಕುಲುಕುವುದಿಲ್ಲ. ನಿರಾಕರಣೆಯ ಕತೆಯನ್ನು ಗಂಡು ಗಂಡೆಂದೇ ಲಕ್ಷಾಂತರ ಮನೆಗಳ ಟಿವಿಯಲ್ಲಿ ತೋರಿಸಿದ್ದು ಹೆಚ್ಚಿನದು. ಆದರೆ ಇಲ್ಲಿ ‘ಇಲ್ಲ’ ಎಂಬುದಕ್ಕೆ ಮುಷ್ಟಿಯ ರೂಪವಿದೆ. ಪ್ರೀತಿ ಸಿಗದ ನೋವು, ಹೊಡೆತದ ನೋವಿನೊಳಗೆ ಮುಳುಗಿಹೋಗುತ್ತದೆ. ಆಗ ಗಂಡು ಹೆಣ್ಣಿನ ಸಂಬಂಧಕ್ಕೆ ಸಮ್ಮತಿಯ ವಯಸ್ಸು 16, ಗಂಡಸರಿಬ್ಬರಿಗೆ 21. ತಂಡ ತನ್ನ ಮೊದಲ ಆಲ್ಬಮ್ಮಿಗೆ ‘ದಿ ಏಜ್ ಆಫ್ ಕನ್ಸೆಂಟ್’ ಎಂದೇ ಹೆಸರಿಟ್ಟು, ಬೇರೆ ಬೇರೆ ದೇಶಗಳ ವಯಸ್ಸಿನ ಪಟ್ಟಿಯನ್ನು ಹೊದಿಕೆಯಲ್ಲಿ ಅಚ್ಚುಹಾಕಿತು. ಮತ್ತೆ ಮೆರವಣಿಗೆಯೇ.

ಅಷ್ಟರಲ್ಲಿ ಏಡ್ಸ್ ಬಂದಿತ್ತು. ಹಂಬಲದ ಜಾಗಕ್ಕೆ ಶೋಕ ಬಂತು. ಗ್ರಾಸ್‌ಮನ್ 1991ರಲ್ಲಿ ಅದರಿಂದಲೇ ಸತ್ತ. ಪೆಟ್ ಶಾಪ್ ಬಾಯ್ಸ್‌ನ 1990ರ ‘ಬೀಯಿಂಗ್ ಬೋರಿಂಗ್’ ಅದೇ ರೋಗದಿಂದ ಸತ್ತ ಗೆಳೆಯನ ನೆನಪಿನದು. ಸಾಯುತ್ತಿರುವವರ ನಡುವೆ ನಿಂತು ‘ಅವನು ನನ್ನ ಕಡೆ ನೋಡಲಿಲ್ಲ’ ಎಂದು ಕೊರಗಲು ಯಾರಿಗೆ ಮನಸ್ಸು ಬಂದೀತು? ಹೆಂಗಸರ ಕಡೆಯಿಂದ ಒಂದು ದನಿ ಎದ್ದಿತು. ಕೆನಡಾದ ಕೆ.ಡಿ. ಲ್ಯಾಂಗ್ 1992ರಲ್ಲಿ ತಾನು ಸಲಿಂಗಿ ಎಂದು ಬಹಿರಂಗವಾಗಿ ಹೇಳಿದಳು. ಅದೇ ವರ್ಷದ ಅವಳ ‘ಆಂಜೆನ್ಯೂ’ ಆಲ್ಬಮ್ಮಿನ ಹಿಂದೆ, ಸಿಗದ ಹೆಣ್ಣೊಬ್ಬಳ ಮೇಲಿನ ಪ್ರೀತಿಯಿತ್ತು. ಅದರ ‘ಕಾನ್‌ಸ್ಟಂಟ್ ಕ್ರೇವಿಂಗ್’ ಗ್ರ್ಯಾಮಿ ಪ್ರಶಸ್ತಿ ಪಡೆಯಿತು. ಹಾಡನ್ನು ಕೇಳಿ: ಅದರಲ್ಲಿ ಅವಳೂ ಇಲ್ಲ, ಅವನೂ ಇಲ್ಲ, ಬರೀ ಹಂಬಲವಿದೆ.

ಇನ್ನು 2012. ಫ್ರಾಂಕ್ ಓಷನ್, ನ್ಯೂ ಆರ್ಲಿಯನ್ಸಿನಲ್ಲಿ ಬೆಳೆದ 24ರ ಕಪ್ಪು ಯುವಕ. ಅವನು ಹಾಡುವ ಆರ್ ಅಂಡ್ ಬಿ, ಅವನ ಒಡನಾಟದ ರ‍್ಯಾಪ್, ಎರಡೂ ಗಂಡಸುತನದ ಮೇಲೆ ನಿಂತ ಲೋಕಗಳು. ಮೊದಲ ಆಲ್ಬಮ್ ‘ಚಾನೆಲ್ ಆರೆಂಜ್’ ಬಿಡುಗಡೆಗೆ ಸಿದ್ಧವಾಗಿತ್ತು. ಮುಂಚಿತವಾಗಿ ಕೇಳಿಸಿಕೊಂಡ ಪತ್ರಕರ್ತರು ಕೆಲವು ಹಾಡುಗಳಲ್ಲಿ ಪ್ರೀತಿಗೆ ಗಂಡಿನ ಸರ್ವನಾಮ ಅಂಟಿಕೊಂಡಿರುವುದನ್ನು ಗಮನಿಸಿದರು. ಊಹಾಪೋಹ ಹಬ್ಬಿತು. ಜುಲೈ 4ರಂದು ಓಷನ್ ತನ್ನ ಪುಟದಲ್ಲಿ ಒಂದು ಪತ್ರ ಹಾಕಿದ. ಆಲ್ಬಮ್ಮಿನ ಜೊತೆ ಅಚ್ಚಾಗಲೆಂದು ಮೊದಲೇ ಬರೆದಿಟ್ಟಿದ್ದ ಪತ್ರ ಅದು.

ಪತ್ರದಲ್ಲಿ ‘ಸಲಿಂಗಿ’ ಎಂಬ ಪದವೇ ಇಲ್ಲ. ಹಕ್ಕಿನ ಮಾತಿಲ್ಲ. ನಾಲ್ಕು ಬೇಸಿಗೆಗಳ ಹಿಂದೆ, 19ನೆಯ ವಯಸ್ಸಿನಲ್ಲಿ ಒಬ್ಬನನ್ನು ಕಂಡದ್ದು, ಎರಡು ಬೇಸಿಗೆ ಜೊತೆಗೇ ಕಳೆದದ್ದು, ಅದು ಪ್ರೀತಿ ಎಂದು ತಿಳಿಯುವ ಹೊತ್ತಿಗೆ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದೆ ಹೋದದ್ದು. ಕಾರಿನಲ್ಲಿ ಕೂತು ಅವನಿಗೆ ಹೇಳಿ ಅತ್ತದ್ದು. ಅವನು ಬೆನ್ನು ತಟ್ಟಿದ, ಒಳ್ಳೆಯ ಮಾತಾಡಿದ, ಆದರೆ ತನಗೂ ಹಾಗೆ ಅನ್ನಿಸುತ್ತದೆ ಎನ್ನಲಿಲ್ಲ. ಅವನ ಗೆಳತಿ ಮೇಲೆ ಮನೆಯಲ್ಲಿ ಅವನಿಗಾಗಿ ಕಾಯುತ್ತಿದ್ದಳು. ಇಷ್ಟೇ. ಯಾರೂ ಯಾರನ್ನೂ ಹೊಡೆಯುವುದಿಲ್ಲ, ಪೊಲೀಸ್ ಬರುವುದಿಲ್ಲ. ಹದಿಹರೆಯದ ಯಾವ ಹುಡುಗನಿಗೂ ಆಗುವಂಥದ್ದು.

ಐದು ದಿನದ ಮೇಲೆ, ಜುಲೈ 9ರ ರಾತ್ರಿ, ಅವನು ದೂರದರ್ಶನದ ಒಂದು ಕಾರ್ಯಕ್ರಮದಲ್ಲಿ ‘ಬ್ಯಾಡ್ ರಿಲಿಜನ್’ ಹಾಡಿದ. ಮೂರು ನಿಮಿಷವೂ ಇಲ್ಲದ ಹಾಡು. ಚರ್ಚಿನ ಆರ್ಗನ್ನಿನಂಥ ನಾದದಿಂದ ಶುರುವಾಗುತ್ತದೆ. ಹಾಡುವವನು ಟ್ಯಾಕ್ಸಿ ಹತ್ತಿ, ಚಾಲಕನ ಮುಂದೆ ಮನಸ್ಸು ಬಿಚ್ಚುತ್ತಾನೆ. ಚಾಲಕ ತನ್ನ ದೇವರ ಹೆಸರು ಹೇಳಿ, ನಿನಗೆ ಪ್ರಾರ್ಥನೆ ಬೇಕು ಎನ್ನುತ್ತಾನೆ. ಹಿಂದೆ ಕೂತವನಿಗೆ, ತನ್ನನ್ನು ಮೊಣಕಾಲೂರಿಸಿದ ಈ ಪ್ರೀತಿಯೇ ಕೆಟ್ಟ ಮತದಂತೆ ಕಾಣುತ್ತದೆ. ತನ್ನನ್ನು ಪ್ರೀತಿಸುವಂತೆ ಮಾಡಲಾಗದ ಆ ವ್ಯಕ್ತಿಯ ಬಗ್ಗೆ ಹೇಳುವಾಗ ಹಾಡು ‘ಹಿಮ್’ ಎನ್ನುತ್ತದೆ. ‘ಯು’ ಅಲ್ಲ, ‘ಹರ್’ ಅಲ್ಲ. ಅದೇ ಆಲ್ಬಮ್ಮಿನ ಅತಿ ಜನಪ್ರಿಯ ಹಾಡಾದ ‘ಥಿಂಕಿನ್ ಬೌಟ್ ಯು’ ಹೆಸರಿಗೆ ತಕ್ಕಂತೆ ‘ಯು’ವಿನದು, ಮರೆಯ ಹಾಡೂ ಬಯಲ ಹಾಡೂ ಒಂದೇ ತಟ್ಟೆಯಲ್ಲಿವೆ.

ಪ್ರೀತಿಯನ್ನು ಭಕ್ತಿಗೆ ಹೋಲಿಸುವುದು ಕನ್ನಡದವರಿಗೆ ಹೊಸದಲ್ಲ. ‘ಶರಣಸತಿ ಲಿಂಗಪತಿ’ ಎಂದ ಕಡೆ ಗಂಡಸರು ಹೆಣ್ಣಾಗಿ ಹಂಬಲಿಸಿದ್ದಾರ, ದಾಸರು ಗೋಪಿಯರಾಗಿ ಅತ್ತಿದ್ದಾರೆ. ಅಲ್ಲಿ ದೇವರ ಹೆಸರು ಗಂಡಿನ ಹಂಬಲಕ್ಕೆ ರಕ್ಷೆ. ಉರ್ದು ಗಜಲಿನಲ್ಲೂ ಪ್ರಿಯಜೀವಕ್ಕೆ ಪುಲ್ಲಿಂಗದ ಕ್ರಿಯಾಪದ ಹಾಕುವ ರೂಢಿಯಿದೆ. ಅದು ಗಂಡೋ, ಹೆಣ್ಣೋ, ದೇವರೋ ಎಂದು ಓದುಗ ತನಗೆ ಬೇಕಾದಂತೆ ತಿಳಿಯಬಹುದು. ಓಷನ್ ಈ ಹೋಲಿಕೆಯನ್ನು ತಿರುಗಿಸಿ ಹಾಕುತ್ತಾನೆ. ದೇವರ ಮರೆಯಲ್ಲಿ ಗಂಡನ್ನು ಪ್ರೀತಿಸುವುದಲ್ಲ, ಗಂಡನ್ನು ಪ್ರೀತಿಸಿ ಅದನ್ನು ಸೋತ ಪೂಜೆ ಎನ್ನುವುದು.

ಆಲ್ಬಮ್ ಜುಲೈ 10ಕ್ಕೆ ಬಂತು. ಮೊದಲ ವಾರ 1,31,000 ಪ್ರತಿ ಮಾರಾಟವಾಗಿ ಅಮೆರಿಕದ ಪಟ್ಟಿಯಲ್ಲಿ 2ನೆಯ ಸ್ಥಾನ ಹಿಡಿಯಿತು, ಮರುವರ್ಷ ಗ್ರ್ಯಾಮಿ ಪಡೆಯಿತು. ಗ್ರಾಸ್‌ಮನ್‌ನ ಮೆಲುದನಿಗೆ 1974ರಲ್ಲಿ ಸಿಗದ ಕಿವಿಗಳು 38 ವರ್ಷದ ಮೇಲೆ ಸಿಕ್ಕವು. ನಡುವಿನ ಆ ಎಲ್ಲ ಕೂಗಿನ ಹಾಡುಗಳು ಇಲ್ಲದಿದ್ದರೆ ಸಿಗುತ್ತಿದ್ದವೇ? ನನಗೆ ಹಾಗನ್ನಿಸುವುದಿಲ್ಲ. ಸೋತೆ ಎಂದು ಎಲ್ಲರ ಮುಂದೆ ಹೇಳುವುದಕ್ಕೂ ಕಾಲ ಕೆಳಗೆ ಸ್ವಲ್ಪ ಗಟ್ಟಿ ನೆಲ ಬೇಕು. 2014ರಲ್ಲಿ ‘ಲ್ಯಾವೆಂಡರ್ ಕಂಟ್ರಿ’ಯೂ ಮರುಮುದ್ರಣಗೊಂಡಿತು. ಎಪ್ಪತ್ತರ ಹ್ಯಾಗರ್ಟಿ ಕೌಬಾಯ್ ಹ್ಯಾಟು ಹಾಕಿಕೊಂಡು ಮತ್ತೆ ಊರೂರು ತಿರುಗಿ ಹಾಡಿದ, 2022ರಲ್ಲಿ ಸಾಯುವ ತನಕ.

ಓಷನ್‌ನ ಪತ್ರ ಬಂದ ಮರುವರ್ಷ, 2013ರಲ್ಲಿ, ಕನ್ನಡದಲ್ಲಿ ವಸುಧೇಂದ್ರ ಅವರ ‘ಮೋಹನಸ್ವಾಮಿ’ ಕಥಾಸಂಕಲನ ಪ್ರಕಟವಾಯಿತು. ಮೋಹನಸ್ವಾಮಿ ಪ್ರೀತಿಸುವುದು ಕಾರ್ತಿಕ್‌ನನ್ನು; ಕಾರ್ತಿಕ್ ಹೆಣ್ಣೊಬ್ಬಳನ್ನು ಮದುವೆಯಾಗುತ್ತಾನೆ. ಬೇರೆ ಭಾಷೆ, ಬೇರೆ ಪ್ರಕಾರ, ಬೇರೆ ಊರು, ಸಂಕಟ ಒಂದೇ. ಆಗ ಬ್ರಿಟಿಷರು ಬಿಟ್ಟುಹೋದ 377ನೆಯ ಸೆಕ್ಷನ್ನಿನ ಮೇಲೆ ದಿಲ್ಲಿ ಹೈಕೋರ್ಟ್ 2009ರಲ್ಲಿ ಕೊಟ್ಟ ತೀರ್ಪು ಸುಪ್ರೀಂ ಕೋರ್ಟಿನ ಮುಂದಿತ್ತು. ಅದೇ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. ಸೆಕ್ಷನ್ನಿನ ಹಿಡಿತ ಸಡಿಲಲು 2018ರ ಸೆಪ್ಟೆಂಬರ್ 6ರ ತನಕ ಕಾಯಬೇಕಾಯಿತು. ಹಾಡು ಬರೆಯುವವರಿಗೆ ಇರುವ ‘ನೀನು’ ಎಂಬ ಅನುಕೂಲ ಕತೆ ಬರೆಯುವವರಿಗೆ ಇಲ್ಲ. ಕಾರ್ತಿಕ್ ಬಂದ, ಕಾರ್ತಿಕ್ ಹೋದ ಎಂದು ಪ್ರತಿ ವಾಕ್ಯದ ಕೊನೆಯಲ್ಲೂ ಬರೆಯುತ್ತಲೇ ಹೋಗಬೇಕು.